ತೊಟ್ಟಿಲು ಫಟಫಟಿಯ ಡೊಂಕು ಗಾಲಿ

ನೆಟ್ಟಗಿರುವ ಗಾಡಿ ಮಾತ್ರ ನೆಟ್ಟಗೆ ಹೋಗುತ್ತದೆ ಎಂದು ನಂಬಿದವರ ಮನೆಗೆ ನಾನು ಸೊಸೆಯಾಗಿ ಹೋದೆ. ಅಫಜಲಪುರದ ಆ ಕಂಬಾರರ ಮನೆಯಲ್ಲಿ ಎತ್ತಿನ ಬಂಡಿ ಕಟ್ಟುವುದು, ಗಾಲಿಗೆ ಕಬ್ಬಿಣದ ಹಳಿ ಕೂಡಿಸುವುದು ಮೂರು ತಲೆಮಾರಿನ ಕೆಲಸ. ಎರಡೂ ಗಾಲಿ ಒಂದಕ್ಕೊಂದು ಸರಿಸಮ ಇರಬೇಕು. ಒಂದು ಜೋಳದ ಕಾಳಿನಷ್ಟು ತಪ್ಪಿದರೂ ನನ್ನ ಗಂಡ ಅಚ್ಚು ಬಿಚ್ಚಿ ಮೊದಲಿನಿಂದ ಶುರು ಮಾಡುತ್ತಿದ್ದರು. ಒಳ್ಳೆಯ ಮನುಷ್ಯ, ಒಳ್ಳೆಯ ಕಂಬಾರ, ಮಹಾ ಹಟಮಾರಿ. ನನ್ನ ಹಟದ ಬಗ್ಗೆ ಅವರು ಬರೆದರೆ ಇದಕ್ಕಿಂತ ಉದ್ದವಾದೀತು, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನಮ್ಮ ಪೈಕಿ ಹೆಣ್ಣುಮಕ್ಕಳು ದೊಡ್ಡ ಸುತ್ತಿಗೆ ಬೀಸುತ್ತಾರೆ. ಗಂಡಸು ಕೂತು ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿಯುತ್ತಾನೆ, ಹೆಂಗಸು ನಿಂತು ಹೊಡೆಯುತ್ತಾಳೆ. ಇದನ್ನು ನೋಡಿ ಬೇರೆ ಸೀಮೆಯವರು ಬಾಯಿ ತೆರೆಯುತ್ತಾರೆ. ನನಗೆ ಇದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಆಳಂದದ ತವರುಮನೆಯಲ್ಲಿ ಹನ್ನೆರಡನೆಯ ವಯಸ್ಸಿಗೇ ಸುತ್ತಿಗೆ ನನ್ನ ಕೈಗೆ ಬಂದಿತ್ತು, ಹದಿನೆಂಟಕ್ಕೆ ನನ್ನಷ್ಟು ಗುರಿಯಿಟ್ಟು ಹೊಡೆಯುವವರು ಓಣಿಯಲ್ಲಿ ಇರಲಿಲ್ಲ. ಹೀಗೆ ಅಂದುಕೊಂಡಿದ್ದ ವರ್ಷವೇ ನನ್ನ ತಮ್ಮನ ಬಲಗೈ ಮಣಿಕಟ್ಟು ಮುರಿಯಿತು.

ಅಪ್ಪ ಜಿಡಗಾದ ಮಠಕ್ಕೆ ಹೋಗಿದ್ದರು. ಕುಲುಮೆಯಲ್ಲಿ ನಾವಿಬ್ಬರೇ. ಅವನು ನನಗಿಂತ ಎರಡು ವರ್ಷ ಚಿಕ್ಕವನು. ಇಕ್ಕಳದಲ್ಲಿ ನೇಗಿಲ ಕುಡದ ತುದಿ ಹಿಡಿದು ಕೂತಿದ್ದ. ನಾನು ಬೀಸಿದ ಸುತ್ತಿಗೆ ಕಬ್ಬಿಣದ ಅಂಚಿಗೆ ಬಿದ್ದು ಜಾರಿ ಅವನ ಕೈಗೆ ತಗುಲಿತು. ಅವನು ಕೂಗಲಿಲ್ಲ. ಕೈಯನ್ನು ತೊಡೆಯ ನಡುವೆ ಅದುಮಿಕೊಂಡು ಕೂತ. ಸಂಜೆ ಅಪ್ಪ ಬಂದಾಗ ನಾನು ಬಾಯಿ ಬಿಡುವ ಮೊದಲೇ ಅವನು, ಬಂಡಿಯಿಂದ ಬಿದ್ದೆ ಎಂದ. ಆಮೇಲೆ ನನಗೆ ಹೇಳುವ ಧೈರ್ಯ ಬರಲಿಲ್ಲ. ಎಲುಬು ಕಟ್ಟುವವರು ಬಂದು ಬಿದಿರು ಕಡ್ಡಿ ಇಟ್ಟು ಕಟ್ಟಿದರು. ಎಲುಬು ಕೂಡಿತು, ಆದರೆ ಸೊಟ್ಟ ಕೂಡಿತು. ಹಿಡಿದದ್ದನ್ನು ಸ್ವಲ್ಪ ಹೊತ್ತು ಹಿಡಿಯಬಲ್ಲ, ಜೋರು ಬಿದ್ದರೆ ಬೆರಳು ಜೋಮು ಹಿಡಿದು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಇಕ್ಕಳ ಹಿಡಿಯಲಾರದವನಿಗೆ ಕುಲುಮೆಯಲ್ಲಿ ಏನು ಕೆಲಸ? ಅವನು ಸೊಲ್ಲಾಪುರಕ್ಕೆ ಹೋಗಿ ಒಂದು ಗ್ಯಾರೇಜು ಸೇರಿದ. ನಾನು ಮದುವೆಯಾಗಿ ಅಫಜಲಪುರಕ್ಕೆ ಬಂದೆ. ಅವನ ಹೊಟ್ಟೆಯ ದಾರಿ ಮುರಿದವಳು ನಾನು ಎಂಬ ಮಾತು ಎಂಟು ವರ್ಷ ನನ್ನೊಳಗೇ ಇತ್ತು, ಗಂಡನಿಗೂ ಹೇಳಿರಲಿಲ್ಲ.

ದೊಡ್ಡ ಯುದ್ಧ ಮುಗಿದ ಮರುವರ್ಷ ಸೊಲ್ಲಾಪುರದಲ್ಲಿ ಮಿಲಿಟರಿಯ ಹಳೆಯ ಸಾಮಾನು ಲಿಲಾವು ಆಗಿ ಹೆಚ್ಚು ಕೂಗಿದವರ ಪಾಲಾಯಿತು. ನಮ್ಮೂರ ಸಾಹುಕಾರರು ಅಲ್ಲಿಂದ ಒಂದು ಫಟಫಟಿ, ಅಂದರೆ ಮೋಟಾರುಸೈಕಲ್ಲು, ತಂದರು. ಅದರ ಎಡ ಮಗ್ಗುಲಿಗೆ ಇನ್ನೊಬ್ಬರು ಕೂರುವ ಡಬ್ಬಿ, ಆ ಡಬ್ಬಿಗೊಂದು ಬೇರೆ ಗಾಲಿ. ಸಾಹುಕಾರರು ಅದನ್ನು ಗತ್ತಿನಿಂದ ಸೈಡ್‌ಕಾರು ಎನ್ನುತ್ತಿದ್ದರು. ಊರವರು ಒಂದೇ ದಿನದಲ್ಲಿ ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟರು. ಎಂಜಿನ್ ಚೆನ್ನಾಗಿತ್ತು. ತೊಟ್ಟಿಲಿನ ಕೆಳಗಿನ ಚೌಕಟ್ಟು ಮಾತ್ರ ಎಲ್ಲೋ ಬಡಿದು ತಿರುಚಿಕೊಂಡು, ತುಕ್ಕು ತಿಂದು ಕೂತಿತ್ತು.

ಸಾಹುಕಾರರ ಬೀಗರು ಜೇವರ್ಗಿಯವರು. ಅವರೂ ಅದೇ ಲಿಲಾವಿನಲ್ಲಿ ಅಂಥದ್ದೇ ಒಂದು ತಂದಿದ್ದರು. ಗಾಣಗಾಪುರಕ್ಕೆ ಇಬ್ಬರೂ ದರ್ಶನಕ್ಕೆ ಹೋದಾಗ ಪಾದುಕೆಯ ಮುಂದೆ ಏನು ಬೇಡಿಕೊಂಡರೋ ಗೊತ್ತಿಲ್ಲ, ಹೊರಗೆ ಬಂದು ಜಿದ್ದಿಗೆ ಬಿದ್ದರು. ಯುಗಾದಿ ಮುಗಿದ ಮೇಲೆ ಅಫಜಲಪುರದಿಂದ ಸೊನ್ನದ ಹೊಳೆ ದಂಡೆಯ ತನಕ ಹೋಗಿ, ಅಲ್ಲಿನ ಬೇವಿನ ಗಿಡ ಸುತ್ತಿ ಬರಬೇಕು, ಯಾರು ಮೊದಲೋ ನೋಡೋಣ ಎಂದು ಮಾತಾಯಿತು. ತೊಟ್ಟಿಲಲ್ಲಿ ಒಂದೊಂದು ಚೀಲ ಜೋಳ. ಜೇವರ್ಗಿಯ ಗಾಡಿ ಬೀಗರ ಮಗನೇ ಓಡಿಸುತ್ತಾನೆ. ಗರಡಿ ಸಾಧಕ, ಒಂದೊಂದು ತೋಳೂ ಒನಕೆಯಷ್ಟು ದಪ್ಪ.

ನಮ್ಮ ಸಾಹುಕಾರರಿಗೆ ಓಡಿಸುವವನು ಬೇಕಿತ್ತು. ನಾನು ತಮ್ಮನಿಗೆ ಹೇಳಿ ಕಳಿಸಿದೆ. ಅವನು ತುಂಬುತೋಳಿನ ಅಂಗಿ ತೊಟ್ಟು, ಗುಂಡಿ ಮಣಿಕಟ್ಟಿನ ತನಕ ಹಾಕಿಕೊಂಡು ಬಂದ. ಸಾಹುಕಾರರು ಅವನನ್ನು ಕೆಳಗಿಂದ ಮೇಲೆ ನೋಡಿದರು.

"ಮುಂಗಾರಿಗೆ ಲಾರಿ ತರಾಕತ್ತೇನಿ" ಎಂದರು. "ಬೀಗನ ಮುಂದ ಈ ಗಾಡಿ ಹುಷಾರಿಲೆ ಓಡಿಸಿದಿ ಅಂದ್ರ ಲಾರಿ ಓಡಸೂ ಕೆಲಸ ನಿಂದೇ. ಇಲ್ಲಂದ್ರ ನಾ ಬ್ಯಾರೆಯವನ್ನ ನೋಡ್ತೇನಿ."

"ಆಗಲಿರಿ" ಎಂದ ತಮ್ಮ. ಬಲಗೈ ಬೆನ್ನ ಹಿಂದೆ ಇತ್ತು.

ಗ್ಯಾರೇಜಿನಲ್ಲಿ ಆರು ವರ್ಷ ಬೇರೆಯವರ ಮೋಟಾರಿನ ಕೆಳಗೆ ಮಲಗಿ ಎದ್ದವನು. ಸ್ವಂತ ಕೂರುವ ಜಾಗ ಅವನಿಗೆ ಸಿಕ್ಕಿರಲಿಲ್ಲ. ಲಾರಿ ಸಿಕ್ಕರೆ ಅವನ ಬದುಕು ನೆಲೆಗೆ ನಿಂತೀತು, ಸಿಗದಿದ್ದರೆ ಕೈಲಾಗದವನು ಎಂಬ ಮಾತು ಊರ ತುಂಬ. ಓಡಿಸುವುದು ಅವನ ಕೆಲಸ, ಆದರೆ ಆ ಕೈಗೆ ಒಗ್ಗುವ ಗಾಡಿ ಕಟ್ಟುವುದು ನನ್ನ ಕೆಲಸ ಎಂದು ನಾನು ಅವತ್ತೇ ಗಟ್ಟಿ ಮಾಡಿಕೊಂಡೆ. ಆಗುತ್ತದೋ ಇಲ್ಲವೋ ಎಂಬ ಸಂಶಯ ನನಗೆ ಬರಲಿಲ್ಲ. ಕಬ್ಬಿಣದ ವಿಷಯದಲ್ಲಿ ನನಗೆ ಸಂಶಯ ಬರುವುದು ಕಡಿಮೆ.

ಮೊದಲ ಸಲ ಕಟ್ಟಿದ್ದು ನನ್ನ ಗಂಡನ ಲೆಕ್ಕದ ಪ್ರಕಾರ. ಹಳೆಯ ಚೌಕಟ್ಟನ್ನು ಕಾಸಿ ಬಡಿದು ನೆಟ್ಟಗೆ ಮಾಡಿದೆವು, ತುಕ್ಕು ತಿಂದ ಕಡೆ ಹೊಸ ಪಟ್ಟಿ ಕೂಡಿಸಿದೆವು. ತೊಟ್ಟಿಲಿನ ಗಾಲಿಯನ್ನು ಎಷ್ಟು ದೂರ ಇಡಬೇಕು ಎಂದಾಗ ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಎತ್ತಿನ ಬಂಡಿಯ ಎರಡು ಗಾಲಿಯ ನಡುವೆ ಎಷ್ಟೋ ಅಷ್ಟು. ಸೊನ್ನದ ದಾರಿ ಪೂರಾ ಎರೆಭೂಮಿ. ಮಳೆಗಾಲದಲ್ಲಿ ಬಂಡಿಗಳು ಹೋಗಿ ಬಂದು ಮೊಣಕಾಲುದ್ದ ಜಾಡು ಬೀಳುತ್ತವೆ, ಬೇಸಿಗೆಯಲ್ಲಿ ಅವು ಕಲ್ಲಿನ ಹಾಗೆ ಗಟ್ಟಿಯಾಗುತ್ತವೆ. ಆ ಜಾಡಿನಲ್ಲಿ ಗಾಲಿ ಇಳಿದರೆ ಗಾಡಿ ತಾನಾಗಿ ಸೊನ್ನ ಮುಟ್ಟುತ್ತದೆ ಎಂಬುದು ಅವರ ವಿಚಾರ. ನೂಲು ಕಟ್ಟಿ, ತೂಗುಗುಂಡು ಬಿಟ್ಟು, ಮೂರೂ ಗಾಲಿಯನ್ನು ಕಂಬದ ಹಾಗೆ ನೆಟ್ಟಗೆ, ಒಂದೇ ದಿಕ್ಕಿಗೆ ನಿಲ್ಲಿಸಿದರು. ಬಡಿಗೇರ ಓಣಿಯ ಹಿರಿಯರು ಬಂದು ಒಂದು ಕಣ್ಣು ಮುಚ್ಚಿ ನೋಡಿ, ಬಂಡಿ ಅಂದ್ರ ಹಿಂಗಿರಬೇಕು ಎಂದು ಹೊಗಳಿ ಹೋದರು. ತಪ್ಪು ಅಲ್ಲೇ ಆಗಿತ್ತು, ಅದು ಬಂಡಿ ಆಗಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಬಂಡಿ ಅಂಗಳ ಬಿಟ್ಟು ಹೋಗುವಾಗ ಕಟ್ಟಿದವನ ಹೆಂಡತಿ ಅದರಲ್ಲಿ ಕೂತು ಊರ ಸೀಮೆಯ ತನಕ ಹೋಗಿ ಬರಬೇಕು. ತನ್ನ ಹೆಂಡತಿಯನ್ನು ಕೂರಿಸಲು ಹೆದರದವನ ಬಂಡಿಯನ್ನು ಕೊಳ್ಳುವವನೂ ನಂಬುತ್ತಾನೆ. ಹಾಗಾಗಿ ನಾನು ಕಚ್ಚೆ ಬಿಗಿದು ತೊಟ್ಟಿಲಲ್ಲಿ ಕೂತೆ. ತಮ್ಮ ಗಾಡಿ ಶುರು ಮಾಡಿದ. ಓಣಿಯ ಹೆಂಗಸರು, "ಎಷ್ಟು ತಿಂಗಳ ಕೂಸಬೇ ಇದು" ಎಂದು ನಕ್ಕರು. ನಾನೂ ನಗುತ್ತ ಅವರತ್ತ ಸೆರಗು ಬೀಸಿದೆ.

ಜಾಡಿನಲ್ಲಿ ಗಾಡಿ ನಿಜವಾಗಿಯೂ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. ಊರು ದಾಟಿದ ಮೇಲೆ ನಾನು ತಮ್ಮನಿಗೆ ಜಾಡು ಬಿಟ್ಟು ಮೇಲೆ ಬಾ ಎಂದೆ. ಓಟದಲ್ಲಿ ಮುಂದಿರುವವನನ್ನು ದಾಟಬೇಕಾದರೆ ಮೇಲೆ ಬರಲೇಬೇಕಲ್ಲ. ಅವನು ಹ್ಯಾಂಡಲ್ ತಿರುಗಿಸಿದ, ಅದು ತಿರುಗಲಿಲ್ಲ. ಇಡೀ ಮೈ ಹಾಕಿ ಎಳೆದ ಮೇಲೆ ಮುಂದಿನ ಗಾಲಿ ಏರಿತು. ಬಯಲಿಗೆ ಬಂದದ್ದೇ ಗಾಡಿ ಎಡಕ್ಕೆ ಎಳೆಯತೊಡಗಿತು. ನಾನು ಕೂತ ತೊಟ್ಟಿಲು ಹಿಂದೆ ಜಗ್ಗುತ್ತಿತ್ತು, ಅವನು ಹ್ಯಾಂಡಲ್ಲನ್ನು ಬಲಕ್ಕೆ ಹಿಡಿದೇ ಇರಬೇಕಿತ್ತು. ನೂರು ಮಾರು ಹೋಗಿರಲಿಲ್ಲ, ಅವನ ಬಲಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಗಾಡಿ ಜೋಳದ ಕಣಿಕೆಯ ಬಣವೆಗೆ ಹೋಗಿ ಕುಕ್ಕಿತು. ಇಬ್ಬರಿಗೂ ಏನೂ ಆಗಲಿಲ್ಲ.

ಅವನು ಬೆರಳುಗಳನ್ನು ಎಡಗೈಯಿಂದ ತಿಕ್ಕುತ್ತ, "ಯಕ್ಕಾ, ಮಾವಗ ಹೇಳಬ್ಯಾಡ" ಎಂದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ತಲೆಯಿಂದ ಕಣಿಕೆ ತೆಗೆಯುವ ನೆಪ ಮಾಡಿದೆ.

ಮನೆಗೆ ಬರುವಷ್ಟರಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಗಾಡಿ ಜಾಡಿನದಾಗಬೇಕು, ಇಲ್ಲ ಬಯಲಿನದಾಗಬೇಕು, ಎರಡೂ ಆಗುವುದಿಲ್ಲ. ಜಾಡಿನ ಗಾಡಿಗೆ ನೆಟ್ಟನೆಯ ಗಾಲಿ, ಬಿಗಿಯಾದ ಹ್ಯಾಂಡಲ್ ಚಂದ. ಆದರೆ ಒಮ್ಮೆ ಜಾಡಿಗೆ ಇಳಿದ ಮೇಲೆ ಮುಂದಿನವನ ಧೂಳು ತಿನ್ನುತ್ತ ಹಿಂದೆ ಹೋಗಬೇಕು, ಮೇಲೆ ಬರಬೇಕೆಂದರೆ ಗರಡಿ ಸಾಧಕನ ತೋಳು ಬೇಕು. ಬಯಲಿನ ಗಾಡಿಯಾದರೆ ಜಾಡಿನ ಪಕ್ಕದ ದಿಬ್ಬದ ಮೇಲೆ, ಹೊಲದ ಅಂಚಿನಲ್ಲಿ, ಎಲ್ಲಿ ಗಟ್ಟಿ ನೆಲವಿದೆಯೋ ಅಲ್ಲಿ ಹೋಗುತ್ತದೆ. ಅದಕ್ಕೆ ಬೆರಳಲ್ಲಿ ತಿರುಗುವ ಹ್ಯಾಂಡಲ್ ಬೇಕು.

"ಗಾಲಿ ಒಳಗ ಮುಖ ಮಾಡಿಸಬೇಕ್ರಿ" ಎಂದೆ ಗಂಡನಿಗೆ. "ತೊಟ್ಟಿಲ ಗಾಲಿ ಮುಂದಿನ ಕಡೆ ಜರಾ ಫಟಫಟಿ ಕಡೆ ನೋಡಬೇಕು. ಅಂದ್ರ ಅದು ಎಡಕ್ಕ ಜಗ್ಗೂದಿಲ್ಲ."

"ನನ್ನ ಕುಲುಮಿಯಿಂದ ಡೊಂಕು ಗಾಲಿ ಹೊರಗ ಹೋಗೂದಿಲ್ಲ" ಎಂದರು ಅವರು. "ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ. ನಿನ್ನ ತಮ್ಮಗ ಓಡಸಾಕ ಬರೂದಿಲ್ಲ, ಗಾಲಿ ಏನ್ ಮಾಡೀತು?"

ಸಿಟ್ಟು ನೆತ್ತಿಗೆ ಏರಿತು ನನಗೆ. ಕೈಯ ಸಂಗತಿ ಹೇಳಿದ್ದರೆ ಅವರು ಆ ಗಳಿಗೆಯೇ ಒಪ್ಪುತ್ತಿದ್ದರು. ಆದರೆ ತಮ್ಮ ಬೇಡವೆಂದಿದ್ದ, ಹೇಳುವ ಹಾಗಿರಲಿಲ್ಲ. ಬರೀ ಕಬ್ಬಿಣದ ಮಾತಿನಿಂದಲೇ ಅವರನ್ನು ಗೆಲ್ಲಬೇಕಿತ್ತು.

"ಕಬ್ಬು ಡೊಂಕಾದ್ರ ಸಿಹಿ ಡೊಂಕೇನ್ರಿ?" ಎಂದೆ. "ನೇಗಿಲಿಗೆ ಬೆಣಿ ಬಡಿವಾಗ ಯಾರರ ನೆಟ್ಟಗ ಬಡಿತಾರ? ಒಂದು ಕಾಳಿನಷ್ಟು ಈ ಕಡೆ ಬಡದ್ರ ಆಳ ಹೋಗ್ತದ, ಆ ಕಡೆ ಬಡದ್ರ ಮ್ಯಾಲ ತೇಲ್ತದ. ನೋಡಾಕ ಚಂದ ಅಂತ ಅಲ್ಲ, ಹೊಲ ಏನ್ ಕೇಳ್ತದ ಅದನ್ನ ಮಾಡ್ತೀವಿ. ಇಲ್ಲೂ ಹಂಗs."

ಅವರು ಕುಲುಮೆಯ ಕಡೆ ತಿರುಗಿ ತಿದಿ ಒತ್ತತೊಡಗಿದರು. ನಾನು ಸುತ್ತಿಗೆ ಕೆಳಗಿಟ್ಟು ಒಳಗೆ ಹೋಗಿ ರೊಟ್ಟಿ ಬಡಿದೆ. ಮರುದಿನವೂ ರೊಟ್ಟಿ ಬಡಿದೆ, ಸುತ್ತಿಗೆ ಮುಟ್ಟಲಿಲ್ಲ. ಹೊಡೆಯುವವಳಿಲ್ಲದ ಕಂಬಾರ ಎಷ್ಟು ದಿನ ಇಕ್ಕಳ ಹಿಡಿದು ಕೂತಾನು? ಮೂರನೆಯ ದಿನ ಬೆಳಗ್ಗೆ ಬಾಗಿಲಲ್ಲಿ ನಿಂತು, "ಎಷ್ಟು ಡೊಂಕು ಮಾಡಬೇಕು, ಅಳತಿ ಹೇಳು" ಎಂದರು. ನನಗೆ ಗೆದ್ದ ಸಂತೋಷ, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ನಾನು ಮಾಡಲಿಲ್ಲ.

ಅಳತೆ ನನಗೂ ಗೊತ್ತಿರಲಿಲ್ಲ, ಹುಡುಕಬೇಕಿತ್ತು. ಮೊದಲು ತೊಟ್ಟಿಲಿನ ಗಾಲಿಯನ್ನು ಒಂದು ಗೇಣು ಒಳಕ್ಕೆ ತಂದೆವು, ಬಂಡಿಯ ಜಾಡಿನ ಹಂಗು ಬಿಟ್ಟಿತು. ಗಾಲಿಗಳ ಪಕ್ಕಕ್ಕೆ ಎರಡು ಉದ್ದ ಹಲಗೆ ಆನಿಸಿ, ಹಿಂದೆ ಎಷ್ಟು ಅಂತರವಿದೆಯೋ ಮುಂದೆ ಅದಕ್ಕಿಂತ ಒಂದು ಬೆರಳು ಕಡಿಮೆ ಮಾಡಿದೆವು. ಫಟಫಟಿಯನ್ನು ತೊಟ್ಟಿಲಿನಿಂದ ಆಚೆಗೆ, ಬಲಕ್ಕೆ, ಕಣ್ಣಿಗೆ ಕಂಡೂ ಕಾಣದಷ್ಟು ವಾಲಿಸಿದೆವು. ಇಷ್ಟಕ್ಕೇ ಗಾಡಿ ಎಡಕ್ಕೆ ಎಳೆಯುವುದನ್ನು ಬಿಟ್ಟಿತು. ನನ್ನ ಗಂಡ ಮಾತ್ರ ಆ ಡೊಂಕು ಗಾಲಿಯ ಕಡೆ ಬೆನ್ನು ಮಾಡಿ ಕೂರುತ್ತಿದ್ದರು, ಬೇಡದ ನೆಂಟರ ಮುಂದೆ ಕೂರುವ ಹಾಗೆ.

ಉಳಿದದ್ದು ಹ್ಯಾಂಡಲ್ಲಿನ ಬಿಗಿ. ಇದರ ಗುಟ್ಟು ತಮ್ಮ ಗ್ಯಾರೇಜಿನಿಂದ ತಂದಿದ್ದ. ಹ್ಯಾಂಡಲ್ ತಿರುಗುವ ನಡುಗೊಳವೆ ಓರೆಯಾಗಿರುತ್ತದೆ. ಅದರ ಗೆರೆಯನ್ನು ಹಾಗೇ ಕೆಳಗೆ ನೆಲದ ತನಕ ಎಳೆದರೆ ಒಂದು ಕಡೆ ಮುಟ್ಟುತ್ತದೆ. ಮುಂದಿನ ಗಾಲಿ ನೆಲ ಮುಟ್ಟುವ ಜಾಗ ಅದರ ಹಿಂದೆ ಇರುತ್ತದೆ. ನಾವು ನೂಲು ಹಿಡಿದು ನೋಡಿದೆವು, ಎರಡರ ನಡುವೆ ನಾಲ್ಕು ಬೆರಳು ಅಂತರ. ಆ ಅಂತರಕ್ಕೆ ನಾವು ಜಗ್ಗು ಎಂದು ಹೆಸರಿಟ್ಟುಕೊಂಡೆವು. ಹಗ್ಗ ಹಿಡಿದವನ ಹಿಂದೆ ಎತ್ತು ಬರುವ ಹಾಗೆ ಗಾಲಿ ಆ ಗೆರೆಯ ಹಿಂದೆ ಬರುತ್ತದೆ. ಜಗ್ಗು ಹೆಚ್ಚಿದ್ದರೆ ಗಾಡಿ ತಾನಾಗಿ ನೆಟ್ಟಗೆ ಹೋಗುತ್ತದೆ, ಆದರೆ ತಿರುಗಿಸಲು ಬಲ ಬೇಕು. ಎರಡೇ ಗಾಲಿಯ ಫಟಫಟಿಗೆ ಅದು ಸರಿ. ತಿರುವಿನಲ್ಲಿ ಅದು ಮೈ ವಾಲಿಸುತ್ತದೆ, ಅರ್ಧ ಕೆಲಸ ವಾಲುವುದರಲ್ಲೇ ಮುಗಿಯುತ್ತದೆ. ತೊಟ್ಟಿಲು ಕಟ್ಟಿದ ಮೇಲೆ ವಾಲಲು ಬರುವುದಿಲ್ಲ, ಪೂರಾ ಕೆಲಸ ಕೈಯ ಮೇಲೆ ಬೀಳುತ್ತದೆ.

ಜಗ್ಗು ಕಡಿಮೆ ಮಾಡಬೇಕೆಂದರೆ ಗಾಲಿಯನ್ನೇ ಮುಂದಕ್ಕೆ ಸರಿಸಬೇಕು. ಮುಂದಿನ ಗಾಲಿ ಹಿಡಿದ ಕವಲಿನ ತುದಿಗೆ ಹೊಸ ಪಟ್ಟಿ ಬಡಿದು, ಅಚ್ಚಿನ ತೂತನ್ನು ಮೊದಲಿನದಕ್ಕಿಂತ ಮುಂದೆ ಕೊರೆಯಬೇಕು. ಎಷ್ಟು ಮುಂದೆ? ಒಂದು ಬೆರಳು ಸಾಕು ಎಂದರು ನನ್ನ ಗಂಡ. ಎರಡು ಎಂದೆ ನಾನು. ಈ ಸಲ ಜಗಳದ ಬದಲು ಪರೀಕ್ಷೆ ಮಾಡೋಣ ಎಂದು, ಹತ್ತಿಯ ಅಡತಿ ವ್ಯಾಪಾರಿಗಳಿಂದ ಕೊಕ್ಕೆ ಇರುವ ಸ್ಪ್ರಿಂಗಿನ ಕಾಂಟಾ ಬೇಡಿ ತಂದೆ. ತೂಕ ನೋಡುವ ಸಾಮಾನು ಅದು. ಗಾಡಿ ಬಯಲಲ್ಲಿ ಹೋಗುತ್ತಿರುವಾಗ ತೊಟ್ಟಿಲಲ್ಲಿ ಕೂತು, ಕೊಕ್ಕೆಯನ್ನು ಹ್ಯಾಂಡಲ್ಲಿನ ಎಡತುದಿಗೆ ಸಿಕ್ಕಿಸಿ, ಹ್ಯಾಂಡಲ್ ತಿರುಗುವ ತನಕ ಎಳೆದು ಮುಳ್ಳು ನೋಡುತ್ತಿದ್ದೆ. ಮೊದಲಿನ ಹಾಗೆ ಇದ್ದಾಗ ಹನ್ನೆರಡು ಸೇರು. ಒಂದು ಬೆರಳು ಮುಂದಿಟ್ಟಾಗ ಒಂಬತ್ತು. ಎರಡು ಬೆರಳಿಗೆ ಆರು. ತಮ್ಮನ ಬಲಗೈ ಎಷ್ಟು ತಡೆಯುತ್ತದೆ ಎಂದು ಅವನೂ ನಾನೂ ಹಿತ್ತಲಲ್ಲಿ ಅದೇ ಕಾಂಟಾ ಹಿಡಿದು ಮೊದಲೇ ನೋಡಿಟ್ಟಿದ್ದೆವು. ಏಳು ಸೇರಿಗೆ ಬೆರಳು ಬಿಚ್ಚುತ್ತಿದ್ದವು.

ಎರಡು ಬೆರಳಿಗೆ ಇನ್ನೊಂದು ಪೀಡೆ ಅಂಟಿಕೊಂಡು ಬಂತು. ಗಾಡಿ ಮೆಲ್ಲಗೆ ಹೋಗುವಾಗ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಗಡಗಡ ನಡುಗತೊಡಗಿತು, ಮೊರದಲ್ಲಿ ಜೋಳ ಕೇರುವ ಹಾಗೆ. ನನ್ನ ಹಲ್ಲು ಕಟಕಟ ಎಂದವು. ಗಂಡ ದಾರಿಯಲ್ಲಿ ನಿಂತು ಕೈಕಟ್ಟಿ ನಗುತ್ತಿದ್ದರು.

"ಹೇಳಿದ್ನಿಲ್ಲ?" ಎಂದರು. "ಗಾಡಿಗೆ ಚಳಿಜ್ವರ ಬಂದದ ನೋಡು. ಒಂದು ಬೆರಳು ಹಿಂದ ತಗೋ."

"ತಗೋಳೂದಿಲ್ರಿ" ಎಂದೆ. "ಜ್ವರಕ್ಕ ಔಷಧ ಹುಡುಕ್ರಿ, ಕಾಲು ಕಡಿಬ್ಯಾಡ್ರಿ."

ಒಂದು ಬೆರಳು ಹಿಂದೆ ಹೋದರೆ ಒಂಬತ್ತು ಸೇರು, ಒಂಬತ್ತಾದರೆ ತಮ್ಮನ ಕೈ ಬಿಚ್ಚಿಕೊಳ್ಳುತ್ತದೆ. ಅದನ್ನು ನಾನು ಹೇಳಲಾರೆ, ಅವರು ಊಹಿಸಲಾರರು. ಆ ಸಂಜೆ ನಾನು ಉಣ್ಣಲಿಲ್ಲ. ಔಷಧ ಹುಡುಕಿದವರು ಕಡೆಗೆ ಅವರೇ. ಮರುದಿನ ನಾನು ಏಳುವ ಹೊತ್ತಿಗೆ ಹಳೆಯ ತಿದಿಯ ಚರ್ಮವನ್ನು ದುಂಡಗೆ ಕತ್ತರಿಸುತ್ತ ಕೂತಿದ್ದರು. ಹ್ಯಾಂಡಲ್ಲಿನ ಬುಡದಲ್ಲಿ ಒಂದು ಚರ್ಮ, ಒಂದು ಕಬ್ಬಿಣದ ಬಿಲ್ಲೆ, ಮತ್ತೊಂದು ಚರ್ಮ, ಹೀಗೆ ಒಂದರ ಮೇಲೊಂದು ಇಟ್ಟು ಮೇಲಿಂದ ನಟ್ಟು ಬಿಗಿದರು. ಅದು ನಡುಕವನ್ನು ಹಿಡಿದು ನಿಲ್ಲಿಸಿತು. ಬಿಗಿ ಹೆಚ್ಚಾದರೆ ಹ್ಯಾಂಡಲ್ ಭಾರ, ಕಡಿಮೆಯಾದರೆ ಜ್ವರ. ಕಾಂಟಾ ಹಿಡಿದು ಅರ್ಧರ್ಧ ಸುತ್ತು ನಟ್ಟು ತಿರುಗಿಸುತ್ತ ಆರೂವರೆ ಸೇರಿಗೆ ತಂದು ನಿಲ್ಲಿಸಿದೆವು. ಅವರ ಬುದ್ಧಿಗೆ ಶರಣು ಎಂದು ಅವತ್ತು ಬಾಯಿಬಿಟ್ಟು ಹೇಳಿದೆ. ಹೇಳಿದ್ದು ಒಂದೇ ಸಲ.

ಓಟದ ದಿನ ಊರ ಹೊರಗೆ ಜನವೋ ಜನ. ಜೇವರ್ಗಿಯ ಗಾಡಿ ಹಸಿರು ಬಣ್ಣ ಬಳಿದುಕೊಂಡು ಬಂದಿತ್ತು. ಬೀಗರ ಮಗ ನಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದು, "ಗಾಲಿ ಡೊಂಕ್ ಆಗ್ಯಾದಲ್ಲೋ" ಎಂದ. ನನ್ನ ಗಂಡನ ಕಿವಿ ಕೆಂಪಾಯಿತು. ಆದರೂ, "ಡೊಂಕs ಇರಬೇಕು. ಹಿಂದಿಂದ ನೋಡಕೋತ ಬಾ, ತಿಳೀತದ" ಎಂದರು. ಆ ಒಂದು ಮಾತಿಗಾಗಿ ಅವರ ಎಷ್ಟೋ ಹಟವನ್ನು ನಾನು ಆಮೇಲೆ ಕ್ಷಮಿಸಿದ್ದೇನೆ.

ನಾನು ನೋಡಿದ್ದು ಹೊರಟದ್ದು ಮತ್ತು ಬಂದದ್ದು. ನಡುವಿನದನ್ನು ತಮ್ಮ ಆಮೇಲೆ ಹೇಳಿದ. ಹೊರಟಾಗ ಹಸಿರು ಗಾಡಿ ಮುಂದೆ, ಜಾಡು ಹಿಡಿದು ಸರ್ರನೆ ಹೋಯಿತು. ತಮ್ಮ ಜಾಡಿನ ಪಕ್ಕದ ದಿಬ್ಬದ ಮೇಲೆ ಹೊರಟ. ಧೂಳು ಎರಡನ್ನೂ ನುಂಗಿತು. ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಕಂಡದ್ದು ಗಾಡಿಯಲ್ಲ, ಐದು ಬೆರಳು. ಆರೂವರೆ ಸೇರು ನಿಜವಾಗಿ ಆರೂವರೆಯೇ, ಕಾಂಟಾ ಸುಳ್ಳು ಹೇಳಿದರೆ, ಹೊಳೆ ದಂಡೆಯ ಉಸುಕಿನಲ್ಲಿ ಹೆಚ್ಚು ಬಲ ಬೇಕಾದರೆ? ಕಬ್ಬಿಣದ ವಿಷಯದಲ್ಲಿ ನನಗೆ ಸಂಶಯ ಬಂದ ದಿನ ಅದೊಂದೇ.

ಕಾದು ಕಾದು ಕುತ್ತಿಗೆ ನೋಯುವಾಗ ಸೊನ್ನದ ಕಡೆಯಿಂದ ಧೂಳೆದ್ದಿತು. ಮೊದಲು ಸದ್ದು, ಆಮೇಲೆ ಗಾಡಿ. ಹಸಿರು ಬಣ್ಣವಿರಲಿಲ್ಲ. ಹೊಲದ ಅಂಚಿನಲ್ಲಿ, ಜಾಲಿಯ ಗಿಡಗಳ ನಡುವೆ ಹಾವಿನ ಹಾಗೆ ಬಳುಕಿಕೊಂಡು ನನ್ನ ತಮ್ಮ ಬರುತ್ತಿದ್ದ. ಎರಡೂ ಕೈ ಹ್ಯಾಂಡಲ್ಲಿನ ಮೇಲೆ ಇದ್ದವು. ಹಸಿರು ಗಾಡಿ ಸೊನ್ನಕ್ಕೆ ಮೊದಲು ಮುಟ್ಟಿತ್ತಂತೆ. ಬೇವಿನ ಗಿಡ ಸುತ್ತಲು ಜಾಡು ಬಿಟ್ಟು ಏಳಬೇಕಾದಾಗ ಅದರ ಮುಂದಿನ ಗಾಲಿ ಅಂಚಿಗೆ ಉಜ್ಜಿ ಉಜ್ಜಿ ಮತ್ತೆ ಒಳಗೇ ಬಿದ್ದಿತಂತೆ. ಅಷ್ಟರಲ್ಲಿ ಇವನು ಸುತ್ತಿ ಬಂದಿದ್ದ.

ಸಾಹುಕಾರರು ಓಡಿಬಂದು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಕುಲುಕಿದವರು ತಟ್ಟನೆ ನಿಂತರು. ಅಂಗಿಯ ತೋಳು ಮೇಲೆ ಸರಿಸಿ ನೋಡಿದರು. ಅವರ ನಗು ಇಳಿಯಿತು.

"ಇದೇನಲೇ ಇದು, ಕೈ ಹಿಂಗ್ಯಾಕ ಅದ?" ಎಂದರು. "ಇಂಥಾ ಕೈಲೆ ಲಾರಿ ಓಡಸಾವ ಏನು ನೀ? ನನಗ ಹೇಳಲೇ ಇಲ್ಲ."

"ಸಣ್ಣಾವಿದ್ದಾಗ ಬಂಡಿಯಿಂದ..." ಎಂದು ತಮ್ಮ ಶುರು ಮಾಡಿದ.

ನಾನು ಗುಂಪು ಸೀಳಿ ಮುಂದೆ ಹೋದೆ. "ಸುಳ್ಳದ್ರಿ ಸಾವ್ಕಾರ್ರ. ಬಂಡಿಯಿಂದ ಬಿದ್ದದ್ದಲ್ಲ. ನನ್ನ ಸುತ್ತಿಗಿ ಬಿದ್ದದ್ದು. ಕೈ ಮುರದಾಕಿ ನಾನು. ಈ ಗಾಡಿ ಆ ಕೈಗಂತನs ಕಟ್ಟೇನಿ. ಇನ್ನ ಲಾರಿ ಸುದ್ದಿ. ಆ ಧೂಳಿನ್ಯಾಗ ನೋಡ್ರಿ, ಎರಡೂ ಕೈ ಗಟ್ಟಿ ಇದ್ದಾಂವ ಈಗ ಬರಾಕತ್ತಾನ."

ಹಸಿರು ಗಾಡಿ ಅಷ್ಟು ದೂರದಲ್ಲಿ ಜಾಡಿನಲ್ಲಿ ಇಳಿದೇ ಬರುತ್ತಿತ್ತು. ಸಾಹುಕಾರರು ಅದನ್ನು ನೋಡಿದರು, ತಮ್ಮನ ಕೈ ನೋಡಿದರು, ಬೀಗರ ಮುಖ ನೋಡಿದರು. ಬೀಗರ ಮುಖ ನೋಡಿದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ಮುಂಗಾರಿಗೆ ಬಾ" ಎಂದರು ತಮ್ಮನಿಗೆ. "ಲಾರಿ ನಿಂದೇ. ಮಾತು ಮಾತೇ."

ನಾನು ಗಂಡನ ಕಡೆ ನೋಡಲು ಹೆದರುತ್ತಿದ್ದೆ. ಆದರೆ ಮೊದಲು ಮಾತಾಡಿದವನು ತಮ್ಮ. ಅವನ ಮುಖ ಕೆಂಪಗಾಗಿತ್ತು.

"ಯಕ್ಕಾ, ಏನ್ ಮಾತಾಡಾಕತ್ತಿ ನೀ?" ಎಂದ. "ನಿನ್ನ ಸುತ್ತಿಗಿ ತಪ್ಪಿರಲಿಲ್ಲ. ಅವತ್ತು ಬೀದ್ಯಾಗ ಮೋಟಾರ್ ಬಂದಿತ್ತು. ನಾ ಅದನ್ನ ನೋಡಕೋತ ಇಕ್ಕಳ ಸಡ್ಲ ಬಿಟ್ಟಿದ್ದೆ, ಕಬ್ಬಿಣ ತಿರುಗಿತು. ಕಾದ ಕಬ್ಬಿಣದಿಂದ ಕಣ್ಣು ತೆಗೆದ್ನಿ ಅಂತ ಅಪ್ಪಗ ಹೆಂಗ ಹೇಳ್ಲಿ? ಅದಕ್ಕ ಬಂಡಿ ಅಂದೆ. ನಿನಗ ಗೊತ್ತದ ಅಂತನs ತಿಳಿದಿದ್ದೆ ನಾ."

ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಎಂಟು ವರ್ಷ ನಾನು ಹೊತ್ತದ್ದು ಇವನ ಒಂದು ಮೋಟಾರಿನ ಹುಚ್ಚನ್ನೇ? ಅವನ ಬೆನ್ನಿಗೆ ನಾಲ್ಕು ಗುದ್ದು ಹಾಕಿದೆ, ಅಷ್ಟು ಜನರ ಮುಂದೆ. ನಾಲ್ಕನೆಯ ಗುದ್ದಿಗೆ ಕೈ ಸೋತು ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವನೂ ಅತ್ತ. ನನ್ನ ಗಂಡ ಗಾಡಿಯ ಹತ್ತಿರ ಕೂತು ಹ್ಯಾಂಡಲ್ಲಿನ ನಟ್ಟು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮನೆಯ ದಾರಿಯಲ್ಲಿ ತಮ್ಮನ ಕೈಯ ಕಾಂಟಾ ಲೆಕ್ಕವನ್ನು ಅವರಿಗೆ ಹೇಳಿದೆ. "ಏಳು ಸೇರು ಅಂತ ನನಗ ಹೇಳಿದ್ರ ಮೊದಲನೇ ದಿನಾನs ಗಾಲಿ ಡೊಂಕ್ ಮಾಡ್ತಿದ್ದೆ" ಎಂದರು.

ಮರುದಿನ ಬೆಳಗ್ಗೆ ಒಬ್ಬ ರೈತ ಕುಡ ಬಡಿಸಲು ಬಂದ. ಅವರು ಇಕ್ಕಳ ಹಿಡಿದು ಕೂತರು, ನಾನು ಸುತ್ತಿಗೆ ಎತ್ತಿದೆ. ಮದುವೆಯಾದಾಗಿನಿಂದ ನಾನು ಇಕ್ಕಳ ಹಿಡಿದ ಕೈಗೆ ಅಳುಕಿ ಹೊಡೆಯುತ್ತಿದ್ದೆ, ಕುಡದ ತುದಿ ಚಪ್ಪಟೆಯಾಗಲು ಐದು ಪೆಟ್ಟು ಬೇಕಾಗುತ್ತಿತ್ತು. ಅವತ್ತು ಮೂರನೆಯ ಪೆಟ್ಟಿಗೇ ಅವರು ಎಡಗೈ ಎತ್ತಿ, ಸಾಕು ಎಂದರು.